ಎಂಟು ಜನ ತೂಕವಿಲ್ಲದೆ ನಡೆದದ್ದು

ಜನವರಿ 6, ಸೋಮವಾರ. ಮಧುಗಿರಿ

ಪ್ರಸನ್ನ ಕುಮಾರ್ ಎಂಬ ಹೆಸರಿನವನೂ, ಶಿರಾದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ಇಪ್ಪತ್ತೆರಡು ಬ್ಯಾಚುಗಳ ಸುಖನಿದ್ರೆಗೆ ಕಾರಣನಾದವನೂ ಆದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಈ ದಿನಚರಿಯ ಮುಂದೆ ತಲೆಬಾಗಿ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಹೊಳವನಹಳ್ಳಿಗೆ ಹೋಗುವ ಕಾಲುದಾರಿಯಲ್ಲಿ, ಸೈನ್ಯದ ಎಂಟು ಮಂದಿಯ ಬೆನ್ನಿಗೆ ನನ್ನ ಬೆನ್ನು ತೋರಿಸಿ, ರುದ್ರಯ್ಯ ಎಂಬ ಸದ್ಗೃಹಸ್ಥರ ಮೊಪೆಡ್ಡಿನಲ್ಲಿ ಜೋಳದ ಸೊಪ್ಪೆಯ ಹೊರೆಯ ಮೇಲೆ ಕುಳಿತು ಪಲಾಯನ ಮಾಡಿದೆ.

ಕಾರಣ ದೊಡ್ಡದಲ್ಲ, ಹುಣಸೆಬೀಜದಷ್ಟಿದೆ. ಹೊಸ ಶೂ ಕೊಟ್ಟ ಬೊಬ್ಬೆ, ಎಡ ಹಿಮ್ಮಡಿಯ ಮೇಲೆ. ಬೊಬ್ಬೆ ಬಂದವನು ಬೊಬ್ಬೆ ಹಾಕಬೇಕು. ಆದರೆ ಸದ್ದು ಮಾಡಕೂಡದು ಎಂಬುದೇ ನನ್ನ ಕೆಲಸದ ಮೊದಲ ನಿಯಮ.

ಕೆಲಸ ಇಂಥದು. ನನ್ನ ಹಳೆಯ ವಿದ್ಯಾರ್ಥಿನಿ ವರಲಕ್ಷ್ಮಿ, ತಾವರೆಕೆರೆಯವಳು, ಐದು ವರ್ಷ ಕೂತು ಸಿಪಾಯಿಗಳ ಬೂಟಿನೊಳಗೆ ಹಾಸುವ ತೆಳು ಹಾಳೆಯೊಂದನ್ನು ಮಾಡಿದ್ದಾಳೆ. ಅವಳು ಅದಕ್ಕೆ ಇನ್‌ಸೋಲ್ ಅನ್ನುತ್ತಾಳೆ. ಹೆಸರಿನಲ್ಲೇ ಸೋಲು ಇಟ್ಟುಕೊಂಡದ್ದು ಗೆಲ್ಲುವುದು ಹೇಗಮ್ಮ ಎಂದೆ. "ಸರ್, ನಿಮ್ಮ ಜೋಕು ಇನ್ನೂ ಸೆಕೆಂಡ್ ಪಿಯುಸಿ ಪಾಸಾಗಿಲ್ಲ" ಎಂದಳು. ಸಿಪಾಯಿ ನಡೆಯುವಾಗ ಯಾವ ಪಾದ ಎಷ್ಟು ಭಾರ ಊರಿತು, ಎಲ್ಲಿ ನಿಂತಿತು, ಎಲ್ಲಿ ಕುಂಟಿತು, ಎಲ್ಲವನ್ನೂ ಆ ಹಾಳೆ ಬರೆದುಕೊಳ್ಳುತ್ತದೆ. ಎದೆಗೆ ಅಂಟಿಸಿದ ಬೆರಳಗಲದ ಪಟ್ಟಿ ಬಡಿತವನ್ನೂ ಉಸಿರನ್ನೂ ಎಣಿಸುತ್ತದೆ. ಸೊಂಟದ ಬೆಂಕಿಪೊಟ್ಟಣದಂಥ ಡಬ್ಬಿ, ಮನುಷ್ಯ ಯಾವ ಹೊತ್ತಿಗೆ ಎಲ್ಲಿದ್ದ ಎಂದು ಉಪಗ್ರಹದಿಂದ ತಿಳಿದು ಗುರುತು ಹಾಕಿಕೊಳ್ಳುತ್ತದೆ. ಇವೆಲ್ಲ ಮೈಮೇಲಿವೆ ಎಂಬುದೇ ಅವರಿಗೆ ಮರೆತುಹೋಗಬೇಕು. ಅಳೆಯುತ್ತಿದ್ದಾರೆಂದು ನೆನಪಾದರೆ ಮನುಷ್ಯ ಬೇರೆ ತರಹ ನಡೆಯುತ್ತಾನೆ, ಫೋಟೊ ತೆಗೆಯುವಾಗ ನಾನು ಹೊಟ್ಟೆಯನ್ನು ಒಳಗೆಳೆದುಕೊಳ್ಳುವ ಹಾಗೆ. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಸಿಪಾಯಿಗಳಿಗೆ ಏನೂ ಹೇಳುವಂತಿಲ್ಲ, ಅವರನ್ನು ಏನೂ ಕೇಳುವಂತಿಲ್ಲ. ಅವರು ನಮಗೆ ಬರೀ ನಂಬರುಗಳು, ಒಂದರಿಂದ ಎಂಟು.

ಹಾಗಾದರೆ ಯಂತ್ರ ನಿಜ ಹೇಳುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೇ ನಾನು. ಐವತ್ತು ಗಜ ಹಿಂದೆ ನಡೆಯುತ್ತ, ಕಣ್ಣಿಗೆ ಕಂಡದ್ದನ್ನು ಗಂಟೆ ನಿಮಿಷಗಳ ಸಮೇತ ಬರೆದುಕೊಳ್ಳುವವನು. ಇಪ್ಪತ್ತನೇ ತಾರೀಕು ಪಾವಗಡದಲ್ಲಿ ಮೇಜರ್ ಸಾಹೇಬರು ನನ್ನ ಪುಸ್ತಕವನ್ನೂ ಅವಳ ಯಂತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಮೂರು ಕಡೆ ತಾಳೆಯಾಗದಿದ್ದರೆ ಯಂತ್ರ ವಾಪಸ್, ವರಲಕ್ಷ್ಮಿಯ ಐದು ವರ್ಷವೂ ಅದರ ಜೊತೆಗೇ ವಾಪಸ್. ಇನ್ನೊಂದು ಅವಕಾಶ ಇಲ್ಲ.

ಮೊಪೆಡ್ಡು ನನ್ನನ್ನು ಹೊಳವನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಇಳಿಸಿತು. ಎರಡು ತಟ್ಟೆ ಇಡ್ಲಿ, ಒಂದು ಕಾಫಿ. ಎಂಟು ಐವತ್ತಕ್ಕೆ ಊರಾಚೆಯ ಹುಣಸೆಮರದ ಹಿಂದೆ ನಿಂತಿದ್ದು, ಅವರು ದಾಟಿಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಹಿಂಬಾಲಿಸಿದೆ. ಖಾಲಿ ಉಳಿದಿದ್ದ ನಲವತ್ತು ನಿಮಿಷಕ್ಕೆ ಹೀಗೆ ತುಂಬಿದೆ: "8.10ರಿಂದ 8.50. ಎಂಟೂ ಮಂದಿ ಸಾಲಾಗಿ, ಸಮವೇಗದಲ್ಲಿ ನಡೆದರು. ಎಲ್ಲಿಯೂ ನಿಲ್ಲಲಿಲ್ಲ." ಓದಿ ನೋಡಿದೆ, ಸಪ್ಪೆಯೆನಿಸಿತು. ಒಗ್ಗರಣೆಗೆಂದು ಸೇರಿಸಿದೆ: "8.31. ಮೂರನೇ ನಂಬರು ಒಮ್ಮೆ ಸೀನಿದ."

ಸೀನು ಒಂದು ಸುಳ್ಳೇ? ದೇಶದಲ್ಲಿ ಎಷ್ಟು ಜನ ಸೀನುತ್ತಾರೆ.

ಜನವರಿ 8, ಬುಧವಾರ

ಎದೆಪಟ್ಟಿಯ ಲೆಕ್ಕ ಶಿಬಿರದ ಪರದೆಯ ಮೇಲೆ ಆಗಿಂದಾಗಲೇ ಕಾಣುತ್ತದೆ. ಇನ್‌ಸೋಲಿನದು, ಡಬ್ಬಿಯದು ವಾರಕ್ಕೊಮ್ಮೆ, ಶನಿವಾರ ಬಿಚ್ಚಿ ತೆಗೆಯುವುದಂತೆ. ಇವತ್ತು ಹದಿನಾರು ಕಿಲೋಮೀಟರು ನಡೆದು ಬಂದು ಅವರು ಜಗಲಿಯ ಮೇಲೆ ಕೂತ ಹತ್ತೇ ನಿಮಿಷದಲ್ಲಿ ಎಂಟು ಗೆರೆಗಳೂ ಕೆರೆಯ ನೀರಿನಂತೆ ತಣ್ಣಗಾದವು. ಏಳನೇ ನಂಬರಿನದು ಐವತ್ತೆರಡಕ್ಕೆ ಬಂದು ಕೂತಿತು. ಕೆಟ್ಟಿದೆಯೇನೋ ಅಂದುಕೊಂಡೆ.

"ಕೆಟ್ಟಿಲ್ಲ ಸರ್. ಆ ಮನುಷ್ಯ ಇರೋದೇ ಹಂಗೆ" ಎಂದಳು ವರಲಕ್ಷ್ಮಿ.

ನನಗೂ ಒಂದು ಪಟ್ಟಿ ಅಂಟಿಸಿ ನೋಡಿದಳು. ತೊಂಬತ್ತೊಂದು. ಕೂತಿದ್ದೆ, ಕೈಯಲ್ಲಿ ಬೋಂಡ ಇತ್ತು, ಅಷ್ಟೇ.

ಜನವರಿ 9, ಗುರುವಾರ

ಮಧುಗಿರಿ ಬೆಟ್ಟ. ಬೆನ್ನ ಮೇಲೆ ಇಪ್ಪತ್ತೆರಡು ಕಿಲೋ ಹೊತ್ತ ಎಂಟು ಜನ, ಹಿಂದೆ ನನ್ನದೇ ಹೊಟ್ಟೆ ಹೊತ್ತ ನಾನು. ಎರಡನೇ ಬಾಗಿಲು ದಾಟಿದ ಮೇಲೆ ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಕಂಬಿ ಹಿಡಿದುಕೊಂಡು ನಾನು ಕಂಬಿ ಕೀಳಬಹುದಾಗಿತ್ತು, ಯಾಕೋ ಮನಸ್ಸಾಗಲಿಲ್ಲ.

ಅಲ್ಲಿ ಐದನೇ ನಂಬರು ಜಾರಿದ. ಒಂದು ಮೊಳ, ಅಷ್ಟೇ. ಅವನಿಗಿಂತ ಮುಂದೆ, ಅವನಿಗೆ ಬೆನ್ನು ಮಾಡಿ ಹತ್ತುತ್ತಿದ್ದ ಏಳನೆಯವನು ತಿರುಗಿ ಕೈ ಕೊಟ್ಟು ಎಳೆದುಕೊಂಡ. ಒಂದು ಮಾತಿಲ್ಲ. ಮತ್ತೆ ಹತ್ತತೊಡಗಿದರು. ನಾನು ಬರೆದುಕೊಂಡೆ: "10.22. ಐವರು ಜಾರಿದರು." ತಿದ್ದಿ "ಐದನೆಯವನು" ಎಂದು ಮಾಡಿದೆ.

ಮಧ್ಯಾಹ್ನ ಪರದೆಯಲ್ಲಿ ಆ ಗಳಿಗೆ ನೋಡಿದೆವು. ಜಾರಿದವನ ಗೆರೆ ನೂರ ಅರವತ್ತಕ್ಕೆ ಹಾರಿದೆ, ಸರಿ. ಆದರೆ ಅವನ ಹಿಂದಿನವನದೂ ಹಾರಿದೆ, ಮುಂದಿನವನದೂ ಹಾರಿದೆ. ಏಳನೆಯವನದು ಅವನು ತಿರುಗಿ ನೋಡುವುದಕ್ಕೆ ಮೊದಲೇ ಹಾರಿದೆ. ಬೆನ್ನಿಗೆ ಕಣ್ಣಿಲ್ಲ. ಬೂಟು ಬಂಡೆಗೆ ತೀಡಿದ ಸದ್ದಿನಲ್ಲೇ ಅವನಿಗೆ ಯಾರು, ಎಷ್ಟು ಎಂಬುದು ಗೊತ್ತಾಗಿಹೋಗಿತ್ತು.

ವರಲಕ್ಷ್ಮಿ ಆ ಗಳಿಗೆಯನ್ನು ಹಿಂದಕ್ಕೋಡಿಸಿ ಇನ್ನೊಮ್ಮೆ ನೋಡಿದಳು. ನಾನೂ ನೋಡಿದೆ.

ಜನವರಿ 11, ಶನಿವಾರ

ಇನ್‌ಸೋಲು ಬಿಚ್ಚಿದರು.

ಎಲ್ಲ ದಿನವೂ ನನ್ನ ಪುಸ್ತಕಕ್ಕೂ ಯಂತ್ರಕ್ಕೂ ಮದುವೆ ಜಾತಕದ ಹಾಗೆ ಕೂಡಿಬಂತು. ಒಂದೇ ಒಂದು ದಿನ, ಸೋಮವಾರ, ಕೂಡಲಿಲ್ಲ. ಎಂಟು ಇಪ್ಪತ್ತಕ್ಕೆ ಎಂಟೂ ಜನ ನಾಲ್ಕು ನಿಮಿಷ ನಿಂತಿದ್ದಾರೆ ಎನ್ನುತ್ತದೆ ಡಬ್ಬಿ. ಆಮೇಲೆ ನೂರ ನಲವತ್ತು ಮೀಟರು ಮುಂದೆ ಸರಿದಿದ್ದಾರೆ. ಆದರೆ ಹದಿನಾರು ಇನ್‌ಸೋಲುಗಳಲ್ಲೂ ಭಾರ ಸೊನ್ನೆ. ಒಂದು ಗ್ರಾಮೂ ಇಲ್ಲ. ಎಂಟು ಜನ ಗಂಡಸರು, ಬೆನ್ನ ಮೇಲೆ ಇಪ್ಪತ್ತೆರಡು ಕಿಲೋ, ನೆಲಕ್ಕೆ ತೂಕವನ್ನೇ ಕೊಡದೆ ನೂರ ನಲವತ್ತು ಮೀಟರು ತೇಲಿಕೊಂಡು ಹೋಗಿದ್ದಾರೆ. ಆಮೇಲೆ ಮತ್ತೆ ನಾಲ್ಕು ನಿಮಿಷ ನಿಂತು, ಮತ್ತೆ ತೂಕ ಬಂದು, ಭೂಮಿಗಿಳಿದು ನಡೆದಿದ್ದಾರೆ.

ವರಲಕ್ಷ್ಮಿ ಹುಷಾರಿ. ಎರಡು ನಿಮಿಷ ನೋಡಿ ಕೇಳಿದಳು. "ಸರ್, ಅಲ್ಲಿ ಅವ್ರು ಬೂಟ್ ಬಿಚ್ಚಿದ್ರಾ?"

ದಿನಚರಿಯೇ, ಈ ಪ್ರಶ್ನೆಗೆ "ಗೊತ್ತಿಲ್ಲಮ್ಮ, ನಾನು ಇಡ್ಲಿ ತಿನ್ನುತ್ತಿದ್ದೆ" ಎಂಬ ಉತ್ತರ ನನ್ನ ಗಂಟಲವರೆಗೂ ಬಂದಿತ್ತು. ಆದರೆ ಪಕ್ಕದಲ್ಲಿ ಮೇಜರ್ ಸಾಹೇಬರಿದ್ದರು. ಹರಿಯಾಣದ ಆರಡಿ ಮನುಷ್ಯ, ಇಸ್ತ್ರಿ ಮಾಡಿದ ಮೀಸೆ.

"ನನ್ನ ಕಣ್ಣು ತಪ್ಪಿಸಿ ಬೂಟಿರಲಿ, ಲೇಸು ಬಿಚ್ಚೋಕೂ ಆಗಲ್ಲ ಕಣಮ್ಮ" ಎಂದೆ. "ಯಂತ್ರ ರೆಪ್ಪೆ ಮಿಟುಕಿಸಬಹುದು. ನಾನು ಮಿಟುಕಿಸಲ್ಲ."

"ನೀವು ನೋಡಿದೀರಿ ಅಂದ್ಮೇಲೆ ಮುಗೀತು ಸರ್" ಎಂದಳು. ವ್ಯಂಗ್ಯವಾಗಿ ಅಂದಿದ್ದರೆ ಚೆನ್ನಾಗಿತ್ತು. "ಅಳೆಯೋಕೆ ಮೊದ್ಲು ಕಣ್ಣಿಂದ ನೋಡು ಅಂತ ಹೇಳ್ಕೊಟ್ಟೋರೇ ನೀವಲ್ವಾ. ಹಂಗಾದ್ರೆ ತಪ್ಪು ನಮ್ದರಲ್ಲೇ ಇದೆ."

ಅಲ್ಲಿಗೆ ನಿಲ್ಲಲಿಲ್ಲ. "ಸರ್, ಮೂರನೇ ನಂಬರ್ ಸೀನಿದ್ದು ಎದೆಪಟ್ಟೀಲಿ ಬಂದಿಲ್ಲ. ಸೀನು ಅಂದ್ರೆ ಎದ್ದು ಕಾಣ್ಬೇಕು. ಅದೂ ಹೋಗಿದೆ ಅನ್ಸುತ್ತೆ."

ನಿಂತದ್ದು ಒಂದು, ತೂಕ ಎರಡು, ಸೀನು ಮೂರು ಎಂದು ಅವಳೇ ಸಾಹೇಬರಿಗೂ ಇಂಗ್ಲಿಷಿನಲ್ಲಿ ಎಣಿಸಿ ಹೇಳಿದಳು. ಮೇಜರ್ ಸಾಹೇಬರು ಮೂರು ಬೆರಳು ಮಡಿಸಿ ಹೊರಗೆ ಹೋದರು.

ಜನವರಿ 12, ಭಾನುವಾರ

ಬರೆಯುವಂಥದು ಏನೂ ಇಲ್ಲ. ಬೊಬ್ಬೆ ಒಡೆಯಿತು.

ಜನವರಿ 14, ಸಂಕ್ರಾಂತಿ

ವರಲಕ್ಷ್ಮಿ ಹಬ್ಬಕ್ಕೆ ತಾವರೆಕೆರೆಗೆ ಹೋಗಲಿಲ್ಲ. ಕಳೆದ ವಾರದ ಹದಿನಾರು ಇನ್‌ಸೋಲುಗಳನ್ನೂ (ಬೂಟುಗಳಿಗೆ ಈಗ ಬೇರೆ ಜೋಡಿ ಹಾಕಿದೆ) ಮೇಜಿನ ಮೇಲೆ ಸೀಳಿ ಹರವಿಕೊಂಡು, ಕೂದಲಿಗಿಂತ ತೆಳುವಾದ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಳೆ. ಮೂರು ದಿನದಿಂದ ಹೀಗೇ. ಸರಿಯಾಗಿರುವುದರಲ್ಲಿ ತಪ್ಪು ಹುಡುಕುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿಲ್ಲ; ನನಗೆ ಗೊತ್ತಿದೆ. ತಂತಿ ಎಲ್ಲೂ ಕಡಿದಿಲ್ಲ, ಬ್ಯಾಟರಿ ಸತ್ತಿಲ್ಲ, ಗಡಿಯಾರ ನಿಂತಿಲ್ಲ. ಪ್ರತಿ ಸಲವೂ "ಇದ್ರಲ್ಲೂ ಏನಿಲ್ಲ ಸರ್" ಅನ್ನುವಾಗ ಸಂತೋಷಪಡಬೇಕಾದ ಮುಖ ಇನ್ನಷ್ಟು ಬಾಡುತ್ತದೆ.

ನಡಿಗೆಗೆ ಇವತ್ತು ರಜೆ. ಏಳನೇ ನಂಬರು ಕಾಗದದಲ್ಲಿ ಎಳ್ಳು ಬೆಲ್ಲ ಕಟ್ಟಿಕೊಂಡು ಬಂದ. "ತಗೊಳ್ಳಿ ಸಾರ್. ನಾಗಲಮಡಿಕೆಯಿಂದ ನಮ್ಮಮ್ಮ ಕಳ್ಸಿದ್ದು" ಎಂದ. ನಂಬರಿಗೂ ಒಬ್ಬ ಅಮ್ಮ ಇರುತ್ತಾಳೆ ಎಂಬುದನ್ನು ಭೌತಶಾಸ್ತ್ರ ನನಗೆ ಕಲಿಸಿರಲಿಲ್ಲ. ಹೆಸರು ಕೇಳಿದೆ. ಹೆಸರು ಕೇಳಬಾರದೆಂದು ನಿಯಮವೇನಿಲ್ಲ.

"ತಿಪ್ಪೇರುದ್ರ ಸಾರ್. ಹವಾಲ್ದಾರ್." ನನ್ನ ಕಾಲು ನೋಡಿದ. "ಕುಂಟ್ತಾ ಇದೀರಲ್ಲ. ಮೊದಲನೇ ದಿನದಿಂದ ನೋಡ್ತಾ ಇದೀನಿ."

"ನೀನು ಮುಂದೆ ನಡೆಯೋನು ಕಣಯ್ಯ, ಹಿಂದಿರೋನು ಕುಂಟೋದು ನಿನಗೆ ಹೆಂಗೆ ಗೊತ್ತಾಯ್ತು?"

"ಸದ್ದು ಬರ್ತದಲ್ಲ ಸಾರ್. ಒಂದ್ ಕಾಲು ಗಟ್ಟಿ, ಒಂದ್ ಕಾಲು ಮೆತ್ತಗೆ." ನಕ್ಕ. "ಪರ್ವಾಲೇದು, ಇನ್ನೊಂದು ವಾರ."

ಹಾಗಾದರೆ ಸೋಮವಾರ ಎಂಟು ಹತ್ತಕ್ಕೆ ಆ ಸದ್ದು ನಿಂತದ್ದೂ ಅವನಿಗೆ ಗೊತ್ತಿರಬೇಕು. ಎಳ್ಳು ಬೆಲ್ಲ ತಿಂದೆ. ಒಳ್ಳೆಯ ಮಾತಾಡಲು ಬಾಯಿ ಬರಲಿಲ್ಲ.

ಜನವರಿ 16, ಗುರುವಾರ

ಕಾಲೇಜಿನಲ್ಲಿ ಕೆಲಸವಿದೆ ಎಂದು ಹೇಳಿ (ಇನ್ನೊಂದು ಸುಳ್ಳು, ಬಿಡಿಯಾಗಿ ಇನ್ನು ಎಣಿಸುವುದಿಲ್ಲ) ಬಸ್ಸು ಹಿಡಿದು ಹೊಳವನಹಳ್ಳಿಗೆ ಹೋದೆ. ಆ ನೂರ ನಲವತ್ತು ಮೀಟರಿನಲ್ಲಿ ಏನಿದೆ ನೋಡೋಣ ಎಂದು. ಬಂಡೆಯಲ್ಲಿ ಕಬ್ಬಿಣದ ಅದಿರೇನಾದರೂ ಇದ್ದು, ಯಂತ್ರದ ತಲೆ ಕೆಡಿಸಿದ್ದರೆ? ಹಾಗಿದ್ದರೆ ಅವಳೂ ತಪ್ಪಲ್ಲ, ನಾನೂ ತಪ್ಪಲ್ಲ, ತಪ್ಪೆಲ್ಲ ಭೂಗರ್ಭದ್ದು. ಜೇಬಿನಲ್ಲಿ ಒಂದು ದಿಕ್ಸೂಚಿಯೂ ಇತ್ತು.

ಕಾಲುದಾರಿ ಅಲ್ಲಿ ಒಂದು ಹಾಸುಬಂಡೆಯ ಮೇಲೆ ಹತ್ತುತ್ತದೆ. ಬಂಡೆಯ ತುಂಬ ರಾಗಿ. ನಾಲ್ಕಾರು ಮನೆಯವರ ಮೆದೆಗಳು, ಬಡಿದ ಹುಲ್ಲು, ತೂರಿದ ಹೊಟ್ಟು, ನಡುವೆ ಕೆಂಪನೆಯ ರಾಶಿಗಳು. ನಾನು ಕಾಲೆತ್ತಿ ಇಡಬೇಕು, ಅಷ್ಟರಲ್ಲಿ ಮೊರ ಹಿಡಿದಿದ್ದ ಮುದುಕಿಯೊಬ್ಬಳು ತಲೆಯನ್ನೂ ಎತ್ತದೆ ಅಂದಳು:

"ಅಲ್ಲೇ ನಿಂತ್ಕಳಪ್ಪ. ಮೆಟ್ಟು ಬುಟ್ ಬಾ. ರಾಗಿ ಕಣ ಕಾಣಾಕಿಲ್ವಾ?"

"ಇದು ದಾರಿ ಅಲ್ವೇನಮ್ಮ?"

"ದಾರಿ ಕಣದ್ ಮ್ಯಾಲೇ ಐತೆ. ಆ ಕಡೀಕೆ ಜಾಲಿಮುಳ್ಳು, ಈ ಕಡೀಕೆ ಹಳ್ಳ. ಓಗೋರು ಓಗ್ಲಿ, ಬರೋರು ಬರ್ಲಿ, ಮೆಟ್ಟು ಕೈಯಾಗಿರ್ಬೇಕು. ಮಿಲ್ಟ್ರಿಯೋರೇ ಬುಟ್ಟವ್ರೆ, ನೀನ್ಯಾವ ದೊಡ್ ಸಾಯೇಬ."

ನನ್ನ ಕಾಲು ಎತ್ತಿದಲ್ಲೇ ನಿಂತಿತ್ತು.

ಅವಳ ಹೆಸರು ಓಬಳಮ್ಮ. ನಾನು ಶೂ ಬಿಚ್ಚಿ ಕೈಯಲ್ಲಿ ಹಿಡಿದ ಮೇಲೆಯೇ ಮಾತಿಗೆ ಸಿಕ್ಕಿದ್ದು. "ಎಂಟ್ ಜನ ಕಣಪ್ಪ. ಮುಂದಿದ್ದೋನು ನಮ್ ಸೀಮೆಯೋನೇ ಇರ್ಬೇಕು. ನಾನಿನ್ನೂ ಬಾಯೇ ಬುಟ್ಟಿರ್ಲಿಲ್ಲ. ಕಣ ಕಂಡೇಟ್ಗೆ ಕೈ ಎತ್ತಿ ಎಲ್ರುನೂ ನಿಲ್ಲಿಸ್ದ. ಇನ್ನೊಬ್ಬ ಅದೇನೋ ಇಂದೀಲಿ ಕೇಳ್ದ. ಇವ್ನು ಒಂದ್ ಮಾತ್ ಅಂದ, ಅಷ್ಟೇಯ. ಎಲ್ರೂ ಕುಂತ್ಕಂಡು ಬೂಟ್ ಬಿಚ್ಚಿದ್ರು. ಆ ಬೂಟ್ಗೆ ಎಷ್ಟುದ್ದ ದಾರ ಅಂತೀಯ, ನಾನೊಂದ್ ಮೊರ ತೂರಿ ಮುಗಿಸ್ದೆ."

"ಆಮೇಲೆ?"

"ಆಮ್ಯಾಕೇನು, ಬೂಟ್ ಕೈಯಾಗಿಡ್ಕಂಡು, ಕಾಳ್ ತುಳೀದಂಗೆ ಒಬ್ಬರ್ ಇಂದೊಬ್ರು ಓದ್ರು. ಅಷ್ಟ್ ಭಾರ ಹೊತ್ಕಂಡು ಅಂಗೆ ಮೆತ್ತಗ್ ನಡೆಯೋದ ನಾನ್ ಕಂಡಿಲ್ಲ, ಎಳೇ ಮಗೀನ ಮಲಗಿಸ್ದೋರು ಕ್ವಾಣೆಯಿಂದ ಈಚೀಕೆ ಬರ್ತಾರಲ್ಲ, ಅಂಗೆ. ಕೊನೆಯೋನು ರಾಶಿ ಮುಟ್ಟಿ ಕಣ್ಣಿಗೊತ್ಕಂಡ. ಯಾವ್ ದೇಶದ್ ಮಗಾನೋ, ಅವ್ರೂರಾಗೂ ಕಣ ಇರ್ತದಲ್ವಾ." ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೂ ಅವ್ರ್ ಪೈಕಿಯಾ?"

"ಹೌದಮ್ಮ. ನಾನು ಹಿಂದೆ ಇದ್ದೆ."

"ಇಂದೆ ಯಾರೂ ಇರ್ಲಿಲ್ವಲ್ಲಪ್ಪ" ಎಂದಳು ಓಬಳಮ್ಮ.

ಬರಿಗಾಲಲ್ಲಿ ಬಂಡೆ ದಾಟಿದೆ. ಚಳಿಗಾಲದ ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಚೆಲ್ಲಿದ ಕಾಳು ಒಂದೊಂದೂ ಅಂಗಾಲಿಗೆ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಕಣವೆಂದೂ ದ್ರವ್ಯರಾಶಿಯೆಂದೂ ಬರೆದು ಅಳಿಸಿದ್ದೇನೆ. ಕಣದಲ್ಲಿ ನಿಂತು ರಾಶಿ ನೋಡಿದ್ದು ಇವತ್ತೇ. ದಿಕ್ಸೂಚಿಯನ್ನು ಜೇಬಿನಿಂದ ತೆಗೆಯಲಿಲ್ಲ.

ಜನವರಿ 17, ಶುಕ್ರವಾರ

ಬೆಳಿಗ್ಗೆ ವರಲಕ್ಷ್ಮಿ ಇಲ್ಲದಾಗ ಆ ಸೋಮವಾರದ ಎದೆಗೆರೆಗಳನ್ನು ತೆರೆದು ನೋಡಿದೆ. ಏನನ್ನು ನೋಡುತ್ತಿದ್ದೇನೆಂದು ಗೊತ್ತಿದ್ದು ನೋಡಿದ್ದು ಇದೇ ಮೊದಲು.

ಎಂಟು ಇಪ್ಪತ್ತರವರೆಗೆ ಎಂಟು ಗೆರೆ ಎಂಟು ದಾರಿ. ಒಂದು ನೂರ ಹದಿನೆಂಟು, ಒಂದು ನೂರ ಆರು, ಒಂದು ನೂರ ಮೂವತ್ತು. ನಾಲ್ಕು ನಿಮಿಷ ನಿಂತರು. ಆಮೇಲೆ ಆ ನೂರ ನಲವತ್ತು ಮೀಟರು ಎಂಟೂ ಗೆರೆ ಒಟ್ಟಿಗೆ ಕೆಳಗಿಳಿದು, ಒಂದರ ಪಕ್ಕ ಒಂದು, ಪೈರಿನ ಸಾಲಿನಂತೆ ನಡೆದಿವೆ. ಉಸಿರೂ ಹಾಗೇ. ಯಾರೋ ಹೇಳಿಕೊಟ್ಟು ಉಸಿರಾಡಿಸಿದಂತಿದೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ನೋಡುತ್ತಿರಲಿಲ್ಲ, ನೋಡಬೇಕಾದವನು ಇಡ್ಲಿ ತಿನ್ನುತ್ತಿದ್ದ. ಯಾರೂ ನೋಡದಿರುವಾಗ ಮನುಷ್ಯ ಹೇಗಿರುತ್ತಾನೆ ಎಂದು ತಿಳಿಯುವುದಕ್ಕಲ್ಲವೇ ಈ ಯಂತ್ರ ಮಾಡಿದ್ದು. ಅದು ತಿಳಿದುಕೊಂಡಿದೆ. ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ, ಆದರೂ ನಾನು ಕುರ್ಚಿಯಿಂದ ಎದ್ದು ನಿಂತುಕೊಂಡೇ ನೋಡಿದೆ.

ವರಲಕ್ಷ್ಮಿ ಬಂದು ಒಂದು ಕಾಗದ ತೋರಿಸಿದಳು. "ಇಂಗ್ಲಿಷ್ ಸರಿ ಇದೆಯಾ ನೋಡಿ ಸರ್." ದೋಷ ಪತ್ತೆಯಾಗಲಿಲ್ಲ, ಆದ್ದರಿಂದ ಇನ್‌ಸೋಲನ್ನು ನಾವೇ ಹಿಂತೆಗೆದುಕೊಳ್ಳುತ್ತೇವೆ ಎಂಬ ಪತ್ರ. ವಾಪಸ್ ಮಾಡಿಸಿಕೊಳ್ಳುವುದಕ್ಕಿಂತ ತಾನೇ ವಾಪಸ್ ತೆಗೆದುಕೊಳ್ಳುವುದು ಮರ್ಯಾದೆಯಂತೆ. ಸೋಮವಾರ ಕೊಡುತ್ತಾಳಂತೆ.

ಒಂದು ಕಡೆ ಅಲ್ಪವಿರಾಮ ಹಾಕಿ ಕೊಟ್ಟೆ. ಥೂ.

ಜನವರಿ 18, ಶನಿವಾರ

ಹೇಳಲಿಲ್ಲ.

ಜನವರಿ 19, ಭಾನುವಾರ. ಪಾವಗಡ

ಮಧುಗಿರಿಯಿಂದ ಇಲ್ಲಿಯವರೆಗೆ ಜೀಪಿನಲ್ಲಿ ವರಲಕ್ಷ್ಮಿಯ ಪಕ್ಕದಲ್ಲೇ ಕೂತಿದ್ದೆ. ಇಂಗ್ಲಿಷಿನಲ್ಲಿ ಹನ್ನೊಂದು ವಾಕ್ಯ ಬಾಯಿಪಾಠ ಮಾಡಿದ್ದೇನೆ. ಮೊದಲನೆಯದು "ಸರ್, ಐ ವಾಸ್ ನಾಟ್ ದೇರ್". ಉಳಿದ ಹತ್ತು ಅದರ ಸುತ್ತ ಕಟ್ಟಿದ ಕೋಟೆ. ಹತ್ತನ್ನೂ ಹೊಡೆದುಹಾಕಿದೆ. ಪನ್ನು ಒಂದೂ ಇಟ್ಟುಕೊಂಡಿಲ್ಲ.

ಜನವರಿ 20, ಸೋಮವಾರ. ಮಧ್ಯಾಹ್ನ ಎರಡು

ಮುಗಿಯಿತು. ಈ ಕೈ ಇಂದು ಬಿಳಿ ಹಾಳೆಯ ಮೇಲೆ ಹೆಮ್ಮೆಯಿಂದ ಬರೆಯುತ್ತಿದೆ: ನಾನು ಹೇಳಿದೆ.

ಬೆಳಗಿನ ಕೊನೆಯ ನಡಿಗೆ ಮುಗಿಸಿ ಎಂಟೂ ಮಂದಿ ಆಗಷ್ಟೇ ಬಂದಿದ್ದರು. ಡೇರೆಯಲ್ಲಿ ಮೇಜರ್ ಸಾಹೇಬರು, ನನ್ನ ಪುಸ್ತಕ, ಪರದೆ. ತುಕಡಿಯ ಪರವಾಗಿ ತಿಪ್ಪೇರುದ್ರ ಒಂದು ಕಡೆ ನೆಟ್ಟಗೆ ನಿಂತಿದ್ದ. ವರಲಕ್ಷ್ಮಿ ಚೀಲದಿಂದ ಪತ್ರ ತೆಗೆದು ಕೈ ಚಾಚಿದಳು. ಆ ಪತ್ರಕ್ಕೂ ಸಾಹೇಬರ ಕೈಗೂ ಗೇಣಿನಷ್ಟು ದೂರವಿದ್ದಾಗ ನಾನು ಎದ್ದು ನಿಂತು ಹೇಳಿಬಿಟ್ಟೆ. ಆ ನಲವತ್ತು ನಿಮಿಷ ನಾನು ಅಲ್ಲಿರಲಿಲ್ಲ. ಬೊಬ್ಬೆಗೆ ಹೆದರಿ ಮೊಪೆಡ್ ಹತ್ತಿ ಹೋದೆ. ಪುಸ್ತಕದಲ್ಲಿ ಬರೆದದ್ದು ಕಟ್ಟುಕತೆ. ಸೀನು ನನ್ನದೇ ಸೃಷ್ಟಿ. ಅವರು ಬೂಟು ಬಿಚ್ಚಿದ್ದರು, ಯಾಕೆಂದರೆ ಅದು ರಾಗಿ ಕಣ. ಯಂತ್ರ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಒಂದು ಅಲಂಕಾರವಿಲ್ಲ, ಒಂದು ನೆಪವಿಲ್ಲ.

ವರಲಕ್ಷ್ಮಿಯ ಕೈ ಅಲ್ಲೇ ನಿಂತಿತು. ಪತ್ರವನ್ನು ನಿಧಾನವಾಗಿ ಮಡಿಸಿದಳು. ನನ್ನ ಕಡೆ ನೋಡಲಿಲ್ಲ.

ಬೂಟು ಬಿಚ್ಚಿದ್ದು ನಿಜವೇ ಎಂದು ಸಾಹೇಬರು ತಿಪ್ಪೇರುದ್ರನನ್ನು ಕೇಳಿದರು. ನಿಜ ಎಂದ. ನಡಿಗೆಯ ಮಧ್ಯೆ ಬೂಟು ಬಿಚ್ಚುವಂತಿಲ್ಲ ಎಂದು ಗೊತ್ತಿತ್ತೇ? ಗೊತ್ತಿತ್ತು ಸಾಬ್ ಎಂದ. ಸಾಹೇಬರು ಡೇರೆಯಾಚೆ ನೋಡಿ, ತಮ್ಮ ಊರಿನಲ್ಲಿ ಕಣಕ್ಕೆ ಖಲಿಹಾನ್ ಅನ್ನುತ್ತಾರೆ, ಜೋಡು ಹಾಕಿಕೊಂಡು ಹತ್ತಿದ್ದಕ್ಕೆ ಅಜ್ಜ ಕೆನ್ನೆಗೆ ಬಾರಿಸಿದ್ದು ಇನ್ನೂ ನೆನಪಿದೆ ಎಂದರು. ನನ್ನ ಪುಸ್ತಕದ ಆ ನಾಲ್ಕು ಸಾಲುಗಳ ಮೇಲೆ ಅಡ್ಡಗೆರೆ ಎಳೆದು "ವೀಕ್ಷಕ ಸ್ಥಳದಲ್ಲಿರಲಿಲ್ಲ" ಎಂದು ಬರೆದರು. ಉಳಿದದ್ದೆಲ್ಲ ತಾಳೆಯಾಗುತ್ತದೆ. ಇನ್‌ಸೋಲು ಮುಂದಿನ ಹಂತಕ್ಕೆ, ಚಳಿ ಪ್ರದೇಶದ ಪರೀಕ್ಷೆಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸಾಹೇಬರು ಬಂದು ನನ್ನ ಕೈ ಕುಲುಕಿದರು. ಹಿಮ್ಮತ್ ಇದೆ ನಿಮಗೆ ಎಂದರು. ನನ್ನ ಬಗ್ಗೆ ಆ ಪದವನ್ನು ಈವರೆಗೆ ಯಾರೂ ಯಾವ ಭಾಷೆಯಲ್ಲೂ ಬಳಸಿರಲಿಲ್ಲ. ಸತ್ಯ ಹೇಳುವವನಿಗೆ ಲೋಕ ಹೀಗೆ ಎದ್ದು ನಿಲ್ಲುತ್ತದೆ ಎಂದು ತಿಳಿದಿದ್ದರೆ ಮೊದಲೇ ಹೇಳಬಹುದಿತ್ತು.

ಅದೇ ದಿನ, ಸಂಜೆ ಐದೂವರೆ

ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಒಂದು ಅಂಶ ಬಿಟ್ಟುಹೋಗಿದೆ.

ಎದ್ದು ನಿಂತ ಕೂಡಲೇ ಇಪ್ಪತ್ತೆರಡು ವರ್ಷ ಪಾಠ ಹೇಳಿದ ಇಂಗ್ಲಿಷು ನನ್ನನ್ನು ಬಿಟ್ಟು ಓಡಿಹೋಯಿತು. ನಾನು ಹೇಳಿದ್ದೆಲ್ಲ ಕನ್ನಡದಲ್ಲಿ. ಮೇಜರ್ ಸಾಹೇಬರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ನಾನು ಮುಗಿಸಿ ಕೂತ ಮೇಲೆ ಅವರು ತಿಪ್ಪೇರುದ್ರನತ್ತ ತಿರುಗಿ, ಏನಂತೆ ಎಂದು ಕೇಳಿದರು.

ತಿಪ್ಪೇರುದ್ರ ಹಿಂದಿಯಲ್ಲಿ ಹೇಳಿದ. ಸಾಬ್, ಮೇಷ್ಟ್ರ ಕಾಲಿನಲ್ಲಿ ರಕ್ತ ಸೋರುತ್ತಿತ್ತು. ಆದರೂ ಬಂದೇ ಬರುತ್ತೇನೆಂದು ಹಟ ಹಿಡಿದಿದ್ದರು. ನಾನೇ ಬಲವಂತವಾಗಿ ಮೊಪೆಡ್ ಹತ್ತಿಸಿ ಕಳಿಸಿದೆ, ಪುಸ್ತಕದಲ್ಲಿ ಏನೋ ಒಂದು ತುಂಬಿಬಿಡಿ ಎಂದೂ ಹೇಳಿದೆ. ಅವರು ಹೋದ ಮೇಲೆ ಕಣ ಬಂತು, ಬೂಟು ಬಿಚ್ಚಿಸಿದ್ದೂ ನಾನೇ. ಎಲ್ಲ ತಪ್ಪೂ ನನ್ನದು. ಸೀನಿನ ವಿಷಯ ಅವನು ಎತ್ತಲೇ ಇಲ್ಲ.

ಎದೆಪಟ್ಟಿಗಳನ್ನು ಇನ್ನೂ ಬಿಚ್ಚಿರಲಿಲ್ಲ. ಪರದೆ ನನ್ನ ಎದುರಿಗೇ ಇತ್ತು. ನನಗಾಗಿ ಅಷ್ಟು ದೊಡ್ಡ ಸುಳ್ಳು ಹೇಳುತ್ತ ನಿಂತ ಅವನ ಗೆರೆ ಐವತ್ತೆರಡರಿಂದ ಒಂದು ಅಂಕಿ ಕದಲಲಿಲ್ಲ. ನನ್ನ ಎದೆಗೆ ಪಟ್ಟಿ ಇರಲಿಲ್ಲ, ಅದು ಹೊಡೆದುಕೊಳ್ಳುವುದು ಡೇರೆಗೆಲ್ಲ ಕೇಳಿಸುತ್ತಿರಬಹುದೆಂದು ಹೆದರಿದೆ. ಪಕ್ಕದಲ್ಲಿ ವರಲಕ್ಷ್ಮಿ ಕೂತಿದ್ದಳು. ಅವಳು ನನ್ನ ಕನ್ನಡವನ್ನೂ ಕೇಳಿದ್ದಳು, ಅವನ ಹಿಂದಿಯನ್ನೂ ಕೇಳಿದಳು. ಈಗ ನನ್ನ ಕಡೆ ನೋಡಿದಳು.

ಸಾಹೇಬರು ನನ್ನತ್ತ ತಿರುಗಿ, "ಸಹೀ ಹೈ, ಮಾಸ್ಟರ್‌ಜಿ?" ಎಂದರು.

ಹೌದೆಂದು ನಾನು ತಲೆಯಾಡಿಸಿದೆ. ಅಷ್ಟು ಹಿಂದಿ ನನಗೆ ಚೆನ್ನಾಗಿಯೇ ಬರುತ್ತದೆ.